ಅಚ್ಚು

ಅಪ್ಪ ಆಲೆಮನೆಯಲ್ಲಿ ಬೆಲ್ಲದ ಅಚ್ಚು ತೊಳೆಯುತ್ತಿದ್ದ.
ನಾನೂ ಅಚ್ಚಿನ ಕೆಲಸದವಳೇ.
ಮಂಡ್ಯದ ಅಶೋಕನಗರದಲ್ಲಿ, ಮೆಡಿಕಲ್ ಸ್ಟೋರಿನ ಮೇಲೆ,
ಹತ್ತಡಿ ಕೋಣೆಯಲ್ಲಿ
ಯಾರುಯಾರದೋ ಬಾಯನ್ನು ಪ್ಲಾಸ್ಟರಿನಲ್ಲಿ ಎರಕ ಹೊಯ್ಯುತ್ತೇನೆ.
ಗೋಡೆಯುದ್ದಕ್ಕೂ ದವಡೆಗಳು
ಹೆಸರಿನ ಚೀಟಿ ಕಚ್ಚಿಕೊಂಡು
ಮಾತಿಲ್ಲದೆ ಕೂತಿವೆ.

ಜಯಶೀಲಕ್ಕ ಬಂದದ್ದು ಡ್ಯೂಟಿ ಮುಗಿಸಿ, ಖಾಕಿಯಲ್ಲೇ,
ಟಿಕೆಟ್ ಮಿಷನ್ನು ಬಾಯಿಗೆ ಅಡ್ಡ ಹಿಡಿದು.
"ನೋಡೇ, ಉರೀತದೆ."
ವಸಡಿನಂಚು ಸುಣ್ಣ ಬಳಿದ ಹಾಗೆ ಬೆಳ್ಳಗೆ.

ಪಾರ್ಸಲ್ಲಿನಲ್ಲಿ ತರಿಸಿದ್ದಳಂತೆ, ಐನೂರಕ್ಕೆ.
ಊರಿನ ಬಾಯಿಗೆಲ್ಲ ಒಂದೇ ಟ್ರೇ.
ಟ್ಯೂಬಿನ ಅರ್ಧ ಜೆಲ್ಲು ಹಿಂಡಿ ಕಚ್ಚಿಕೊಂಡು ಮಲಗಿದವಳು
ಎದ್ದದ್ದು ಬೆಳಗಿನ ನಾಲ್ಕರ ಶಿಫ್ಟಿಗೆ.
ಅಳತೆಯಿಲ್ಲದ ಅಂಚಿನಿಂದ ಒಸರಿ ಒಸರಿ
ರಾತ್ರಿಯೆಲ್ಲ ಅದು ವಸಡು ತಿಂದಿದೆ.
ನಾಗಮಂಗಲದ ಸ್ಟಾಂಡಿನಲ್ಲಿ ಕಾಫಿ ಗುಟುಕರಿಸಿದರೆ
ಹಲ್ಲಿನೊಳಗೆ ಯಾರೋ ವಿಷಲ್ ಊದಿದ ಹಾಗಾಯಿತಂತೆ.

ಯಾಕಕ್ಕ ಇದು?
ಕಾಲೇಜಿನ ಹುಡುಗಿಯೊಬ್ಬಳು ಪಾಸು ತೋರಿಸುತ್ತ
"ಆಂಟಿ, ಹೊಗೆಸೊಪ್ಪು ಹಾಕ್ತೀರಾ?" ಅಂದಳಂತೆ.
ಹಾಕಿದವಳೇ ಅಲ್ಲ. ನಮ್ಮೂರ ಬೋರಿನ ನೀರು ಕುಡಿದು ಬೆಳೆದವಳು.
ತುಂಬಿದ ಬಸ್ಸಿನಲ್ಲಿ ಅದನ್ನು ಯಾರಿಗೆ ವಿವರಿಸುವುದು,
ಚಿಲ್ಲರೆ ಕೊಡುವುದೋ, ಚರಿತ್ರೆ ಹೇಳುವುದೋ.

ತಸ್ನೀಮ್ ಡಾಕ್ಟರು ಬಯ್ಯಲಿಲ್ಲ.
ದೀಪ ಇಳಿಸಿ ನೋಡಿದರು. ಹಿಂದಿನ ದವಡೆಹಲ್ಲು ಹುಳುಕು.
"ಮೊದಲು ಇದು ತುಂಬೋಣ. ತೂತಿಗೆ ಜೆಲ್ ಬಿಡೋದು
ಕಳ್ಳನಿಗೆ ಬಾಗಿಲು ತೆಗೆದ ಹಾಗೆ.
ವಸಡು ಮಾಗಲಿ. ಆಮೇಲೆ ನಿಮ್ಮದೇ ಅಳತೆಯ ಟ್ರೇ,
ಹಲ್ಲಿಗೊಂದು ಅಕ್ಕಿಕಾಳಿನಷ್ಟು, ಹೆಚ್ಚಾದದ್ದು ಒರಸಿ.
ಜುಮ್ಮೆಂದರೆ ಒಂದು ದಿನ ಬಿಡಿ, ಎರಡು ದಿನ ಬಿಡಿ.
ಬೋರಿನ ಕಲೆ ಪೂರ್ತಿ ಹೋಗತ್ತೆ ಅಂತ
ನಾನು ಬರೆದುಕೊಡಲ್ಲ."
ಆಮೇಲೆ ಮುಂದಿನ ಹಲ್ಲು ತಟ್ಟಿ:
"ಈ ಕ್ಯಾಪ್ ಬೆಳ್ಳಗಾಗಲ್ಲ. ಎಷ್ಟು ಹಚ್ಚಿದರೂ."

ಆ ಕ್ಯಾಪ್ ನನಗೆ ಗೊತ್ತು.
ಅವಳಿಗೆ ಹದಿನಾಲ್ಕು, ನನಗೆ ಹತ್ತು. ಒಂದು ಜಲ್ಲೆ ಕಬ್ಬು.
ಅವಳು ಕಚ್ಚಿ ಹಿಡಿದಿದ್ದಳು, ನಾನು ಎಳೆದೆ.
ಕೆಲಸ ಕಲಿತ ಮೊದಲ ವರ್ಷವೇ ಮಾಡಿಕೊಟ್ಟೆ,
ಬಣ್ಣದ ಪಟ್ಟಿಯನ್ನು ಅವಳ ತುಟಿಗೆ ಹಿಡಿದು ಹಿಡಿದು
ಪಕ್ಕದ ಹಲ್ಲಿಗೆ ಒಪ್ಪುವ ಕಂದನ್ನು
ಕುಂಚದ ತುದಿಯಲ್ಲಿ ಇಷ್ಟಿಷ್ಟೇ ಕೂರಿಸಿ.
ಅಷ್ಟು ಚೆನ್ನಾಗಿ ಬೇರೆ ಯಾವುದನ್ನೂ ಮಾಡಿಲ್ಲ.

ಪಾಕಕ್ಕೆ ಬಿಳಿ ಪುಡಿ ಉದುರಿಸಿದರೆ ಬೆಲ್ಲ ಹೊಂಬಣ್ಣ,
ಮಾರ್ಕೆಟ್ಟಿನಲ್ಲಿ ಎರಡು ರೂಪಾಯಿ ಜಾಸ್ತಿ ಎನ್ನುತ್ತಿದ್ದ ಅಪ್ಪ.
ಮನೆಗೆ ಮಾತ್ರ ಕರಿ ಅಚ್ಚು ತರುತ್ತಿದ್ದ.
ಉಪದೇಶವೇನಲ್ಲ;
ಪುಡಿ ಉದುರಿಸುತ್ತಿದ್ದವನೂ ಅವನೇ.

ಮೂರು ವಾರ ಕಳೆದು ಅಕ್ಕನ ದವಡೆ ಎರಕ ಹೊಯ್ದೆ.
ಹಾಳೆ ಕಾಯಿಸಿ, ಎಳೆದು,
ವಸಡಿನ ಗೆರೆ ಹಿಡಿದು ಅಲೆಯಲೆಯಾಗಿ ಕತ್ತರಿಸಿದೆ.
ಅಂಚನ್ನು ನನ್ನ ತುಟಿಗೇ ಸವರಿ ನೋಡಿದೆ,
ಎಲ್ಲಾದರೂ ಚುಚ್ಚೀತೇ ಎಂದು.

ಒಂಬತ್ತನೇ ರಾತ್ರಿ ಫೋನು.
"ಸಾಕು ಕಣೇ. ಆ ಒಂದು ಹಲ್ಲು ಒಂಟಿಯಾಯ್ತಾ ಅದೆ."
ಹೊಸ ಕ್ಯಾಪ್ ಮಾಡ್ತೀನಿ ಬಾ, ಅಂದೆ.
"ಬ್ಯಾಡ ಬುಡು. ಉಳಿದ ಜೆಲ್ಲು ಫ್ರಿಜ್ಜಲ್ಲಿ ಮಡಗಿವ್ನಿ,
ಹುಡುಗರ ಕೈಗೆ ಸಿಗದಂಗೆ."

ಈಗ ಅವಳ ಹಲ್ಲುಗಳೆಲ್ಲ
ಒಂದೊಂದು ಮೆಟ್ಟಿಲು ಹತ್ತಿ ನಿಂತಿವೆ,
ನಾನು ಮಾಡಿದ್ದೊಂದು ಕೆಳಗೇ ಉಳಿದಿದೆ
ಊರಿನ ನೀರಿನ ಬಣ್ಣ ಹೊತ್ತು.

ನಿನ್ನೆ ಸಂಜೆ ಸ್ಟಾಂಡಿನಲ್ಲಿ ಕಂಡೆ.
ಫುಟ್‌ಬೋರ್ಡಿನ ಮೇಲೆ ಒಂದು ಕಾಲು,
ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಯಾರದೋ ಚೀಲ.
ಬಾಯಿಗೆ ಅಡ್ಡ ಇದ್ದದ್ದು ವಿಷಲ್ ಒಂದೇ,
ಅದನ್ನೂ
ಆ ಹಲ್ಲಿನಲ್ಲೇ ಕಚ್ಚಿದ್ದಳು.